ಡಯಲ್ ಟೋನ್ ಇಲ್ಲ ಎನ್ನುವ ಮೊಡೆಮ್: ಕ್ಯಾತ್ಸಂದ್ರದ ಒಂದು ರಿಪೇರಿ

ಫೋನ್ ಸರಿ ಇದೆ. ಕಂಪ್ಯೂಟರ್ ಸರಿ ಇದೆ. ಫೋನ್ ಲೈನಿನ ಮೂಲಕ ಕಂಪ್ಯೂಟರನ್ನು ಇಂಟರ್‌ನೆಟ್‌ಗೆ ಸೇರಿಸುವ ಪೆಟ್ಟಿಗೆಯ, ಅಂದರೆ ಮೊಡೆಮ್‌ನ, ದೀಪಗಳೂ ಉರಿಯುತ್ತಿವೆ. ಆದರೆ ಇಂಟರ್‌ನೆಟ್‌ಗೆ ಡಯಲ್ ಮಾಡಿದರೆ ಪರದೆಯ ಮೇಲೆ ಬರುವುದು ಒಂದೇ: ಎರರ್ 680, ಡಯಲ್ ಟೋನ್ ಇಲ್ಲ.

ಇದು 2003ರ ಮೇ ಮೊದಲ ವಾರದ ಕಥೆ. ರಾತ್ರಿ ಭರಣಿ ಮಳೆ ಗುಡುಗು ಸಿಡಿಲಿನ ಜೊತೆ ಸುರಿದಿತ್ತು. ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮ ಚಿಕ್ಕಮ್ಮನ ಮನೆ. ಅವರ ಮನೆ ಹಿಂದಿನ ತೋಟದಲ್ಲಿ ಒಂದು ತೆಂಗಿನ ಮರಕ್ಕೆ ಸಿಡಿಲು ಹೊಡೆದು ಸುಳಿಯೇ ಸುಟ್ಟುಹೋಗಿತ್ತು. ಬೆಳಿಗ್ಗೆ ಚಿಕ್ಕಮ್ಮ ಫೋನ್ ಮಾಡಿ ಮೊಡೆಮ್ ಕೈಕೊಟ್ಟಿದೆ ಎಂದರು. ಫೋನ್ ಮಾಡಿದ್ದು ಅದೇ ಲೈನಿನಿಂದ. ಅಂದರೆ ಲೈನು ಸತ್ತಿಲ್ಲ.

ಚಿಕ್ಕಮ್ಮ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಿದ್ದರು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘಗಳ ವಾರ್ಷಿಕ ವರದಿ ಇಂಥವು. ಮಾಡಿದ ಫೈಲನ್ನು ಬೆಂಗಳೂರಿನ ಒಂದು ಪ್ರೆಸ್ಸಿಗೆ ಇಮೇಲ್‌ನಲ್ಲಿ ಕಳಿಸುತ್ತಿದ್ದರು. ಮೇ ತಿಂಗಳೆಂದರೆ ಮದುವೆಗಳ ಕಾಲ. ಚಿತ್ರ ಇರುವ ಒಂದು ಕಾರ್ಡು ಮೂರು ಎಂಬಿ ಆಗುತ್ತಿತ್ತು. 1.44 ಎಂಬಿಯ ಫ್ಲಾಪಿಗೆ ಅದು ಹಿಡಿಯುವುದಿಲ್ಲ. ತುಂಡು ಮಾಡಿ ಎರಡು ಮೂರು ಫ್ಲಾಪಿಗೆ ತುಂಬಿಸಿ ಬಸ್ಸು ಹತ್ತಬೇಕು. ಅದರಲ್ಲೊಂದು ಫ್ಲಾಪಿ ಅಲ್ಲಿ ಓದದೇ ಹೋದರೆ ಮತ್ತೆ ಎಪ್ಪತ್ತು ಕಿಲೋಮೀಟರ್ ವಾಪಸ್ಸು. ಅವರಿಗೆ ಮೊಡೆಮ್ ಸುಮ್ನೆ ಇಟ್ಟುಕೊಂಡ ವಸ್ತುವಲ್ಲ, ಅನ್ನದ ದಾರಿ.

"ಹೊಸದು ತಗೊಳ್ಳೋದು ಆಮೇಲೆ ಇರಲಿ ಕಣಪ್ಪ, ಮೊದಲು ಏನಾಗಿದೆ ನೋಡು" ಎಂದರು. ನನಗೂ ಅದೇ ಬೇಕಿತ್ತು. ಅವತ್ತು ಬರೆದಿಟ್ಟ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಹಳೇ ಕಂಪ್ಯೂಟರುಗಳನ್ನು ಜೋಡಿಸಿ ಓಡಿಸುವ ಆಸೆ ಇರುವವರಿಗೆ ಇದರ ಒಂದೊಂದು ಪರೀಕ್ಷೆಯೂ ಈಗಲೂ ಉಪಯೋಗಕ್ಕೆ ಬರುತ್ತದೆ.

ಕಂಪ್ಯೂಟರ್ ಪೆಂಟಿಯಂ 3, ವಿಂಡೋಸ್ 98. ಮೊಡೆಮ್ ಹೊರಗೆ ಮೇಜಿನ ಮೇಲೆ ಕೂರುವ 56ಕೆ (ಸೆಕೆಂಡಿಗೆ 56,000 ಬಿಟ್) ಸೀರಿಯಲ್ ಮೊಡೆಮ್. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಇಂಟರ್‌ನೆಟ್ ಖಾತೆ, ಡಯಲ್ ಮಾಡುತ್ತಿದ್ದ ನಂಬರು 172233.

ಎಲ್ಲಿವರೆಗೆ ಜೀವ ಇದೆ?

ಮೊಡೆಮ್ ಎರಡು ಕಡೆ ಮಾತಾಡುತ್ತದೆ. ಒಂದು ಕಡೆ ಕಂಪ್ಯೂಟರ್, ಇನ್ನೊಂದು ಕಡೆ ಫೋನ್ ಲೈನು. ಕೆಟ್ಟಿದೆ ಎಂದರೆ ಸಾಲದು. ಯಾವ ಕಡೆ ಕೆಟ್ಟಿದೆ, ಎಲ್ಲಿವರೆಗೆ ಸರಿ ಇದೆ ಎನ್ನುವುದು ಗೊತ್ತಾಗಬೇಕು. ಡ್ರೈವರ್ ತೆಗೆದು ಮತ್ತೆ ಹಾಕುವುದು, ವಿಂಡೋಸನ್ನೇ ಹೊಸದಾಗಿ ಹಾಕುವುದು ಆಗಿನ ಕಾಲದಲ್ಲಿ ಎಲ್ಲರೂ ಮೊದಲು ಮಾಡುತ್ತಿದ್ದ ಕೆಲಸ. ಅರ್ಧ ದಿನ ಹೋಗುತ್ತದೆ, ಹೊಸದಾಗಿ ಏನೂ ಗೊತ್ತಾಗುವುದಿಲ್ಲ. ನಾನು ಅದಕ್ಕೆ ಕೈ ಹಾಕಲಿಲ್ಲ.

ಅಡಾಪ್ಟರ್ ಮೊದಲು ನೋಡಿದೆ. ಅದು 9 ವೋಲ್ಟಿನ ಎಸಿ ಅಡಾಪ್ಟರ್. ಮೀಟರಿನಲ್ಲಿ ಹತ್ತರ ಮೇಲೆ ಬಂತು. ಸರಿ ಇದೆ. ಇದರಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಇಂಥ ಮೊಡೆಮ್‌ಗಳು ಒಳಗೆ ಪ್ಲಸ್ ಮತ್ತು ಮೈನಸ್ ಎರಡೂ ವೋಲ್ಟೇಜನ್ನು ಆ ಎಸಿಯಿಂದಲೇ ಮಾಡಿಕೊಳ್ಳುತ್ತವೆ. ಅಡಾಪ್ಟರ್ ಸುಟ್ಟಾಗ ಅಂಗಡಿಯವರು ಪಿನ್ನು ಸರಿ ಕೂರುತ್ತದೆ ಎಂದು 9 ವೋಲ್ಟಿನ ಡಿಸಿ ಅಡಾಪ್ಟರ್ ಕೊಟ್ಟರೆ ತಗೋಬೇಡಿ. ಮೇಲಿನ ಅಕ್ಷರ ಓದಿ ತಗೊಳ್ಳಿ.

ಆಮೇಲೆ ಮೊಡೆಮ್‌ಗೆ ನೇರವಾಗಿ ಆಜ್ಞೆ ಟೈಪ್ ಮಾಡಲು ವಿಂಡೋಸ್‌ನಲ್ಲೇ ಇದ್ದ ಹೈಪರ್‌ಟರ್ಮಿನಲ್ ತೆರೆದು, ಮೊಡೆಮ್ ಕೂತಿದ್ದ ಕಾಮ್1 ಸೀರಿಯಲ್ ಪೋರ್ಟಿಗೆ ಸೇರಿಸಿದೆ. ಎಟಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಓಕೆ ಎಂದು ಉತ್ತರ ಬಂತು. ಎಟಿಐ3 ಎಂದರೆ ಮೊಡೆಮ್ ತನ್ನ ವಿವರ ಹೇಳಿತು. ಅಂದರೆ ಪೋರ್ಟು, ಕೇಬಲ್ಲು, ಮೊಡೆಮ್‌ನ ಒಳಗಿನ ಪ್ರೊಸೆಸರ್ ಮೂರೂ ಚೆನ್ನಾಗಿವೆ. ಉತ್ತರ ಬರದಿದ್ದರೆ ಏನು ಮಾಡಬೇಕಿತ್ತು? ಕೇಬಲ್ಲಿನ ಮೊಡೆಮ್ ಕಡೆಯ ತುದಿ ಬಿಚ್ಚಿ, ಕಳಿಸುವ ಪಿನ್ನನ್ನೂ ಪಡೆಯುವ ಪಿನ್ನನ್ನೂ ಒಂದು ತಂತಿಯಿಂದ ಸೇರಿಸಬೇಕು. ಒಂಬತ್ತು ಪಿನ್ನಿನ ಕನೆಕ್ಟರಿನಲ್ಲಿ ಅವು 3 ಮತ್ತು 2. ಆಗ ಟೈಪ್ ಮಾಡಿದ ಅಕ್ಷರ ಪರದೆಗೆ ವಾಪಸ್ ಬಂದರೆ ಕಂಪ್ಯೂಟರ್ ಸರಿ, ಮೊಡೆಮ್ ಕೆಟ್ಟಿದೆ. ಬರದಿದ್ದರೆ ಪೋರ್ಟೋ ಕೇಬಲ್ಲೋ ಹೋಗಿದೆ. ನಮಗೆ ಅದು ಬೇಕಾಗಲಿಲ್ಲ.

ಈಗ ಲೈನಿನ ಕಡೆ. ಎರರ್ 680 ಬಂದರೆ ಆಗ ಎಲ್ಲರೂ ಹೇಳುತ್ತಿದ್ದ ಮದ್ದು ಎಟಿಎಕ್ಸ್3. ಡಯಲ್ ಟೋನ್‌ಗೆ ಕಾಯಬೇಡ, ಸುಮ್ನೆ ಡಯಲ್ ಮಾಡು ಎಂಬ ಆಜ್ಞೆ ಅದು. ಅದಕ್ಕೆ ಕಾರಣವೂ ಇದೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಸೇರಿದ ಸ್ವರ. ನಮ್ಮದು 400 ಹರ್ಟ್ಸಿನ ಸ್ವರ, ಅದರ ಮೇಲೆ 25 ಹರ್ಟ್ಸಿನ ಏರಿಳಿತ. ಅಲ್ಲಿಯ ಸ್ವರಕ್ಕೆ ಹೊಂದಿಸಿದ ಮೊಡೆಮ್ ನಮ್ಮ ಸ್ವರವನ್ನು ಕೆಲವು ಸಲ ಗುರುತಿಸುವುದೇ ಇಲ್ಲ. ಆದರೆ ನಿನ್ನೆವರೆಗೆ ಗುರುತಿಸುತ್ತಿದ್ದ ಮೊಡೆಮ್ ಒಂದೇ ರಾತ್ರಿಯಲ್ಲಿ ಮರೆಯುತ್ತದಾ? ಆದರೂ ಹಾಕಿ ನೋಡಿದೆ. ಮೊಡೆಮ್‌ನ ಸ್ಪೀಕರಿನಲ್ಲಿ ನಂಬರು ಒತ್ತಿದ ಸ್ವರ ಕೇಳಿಸಿತು. ಆಮೇಲೆ ಮೌನ. ಐವತ್ತು ಸೆಕೆಂಡ್ ಕಾದು ನೋ ಕ್ಯಾರಿಯರ್ ಎಂದಿತು, ಅಂದರೆ ಆ ಕಡೆಯ ಮೊಡೆಮ್‌ನ ಸ್ವರ ಸಿಗಲಿಲ್ಲ.

ಆ ಸ್ವರ ಕೇಳಿಸಿತಲ್ಲ ಎಂದು ಸಮಾಧಾನ ಪಡುವ ಹಾಗಿಲ್ಲ. ಅದು ಮೊಡೆಮ್ ತನ್ನೊಳಗೇ ಕೇಳಿಸಿಕೊಂಡ ಸ್ವರ. ಲೈನಿಗೆ ಹೋಯಿತೋ ಇಲ್ಲವೋ ತಿಳಿಯಬೇಕಾದರೆ ಲೈನಿನ ಮೇಲೇ ಕಿವಿ ಇಡಬೇಕು. ಪಕ್ಕದ ಕೋಣೆಯಲ್ಲಿ ಅದೇ ಲೈನಿನ ಇನ್ನೊಂದು ಫೋನಿತ್ತು. ಚಿಕ್ಕಮ್ಮನ ಕೈಗೆ ರಿಸೀವರ್ ಕೊಟ್ಟು ಮತ್ತೆ ಡಯಲ್ ಮಾಡಿದೆ.

"ಏನಾದ್ರೂ ಪೀಂ ಪೀಂ ಅಂತ ಕೇಳ್ತಾ ಚಿಕ್ಕಮ್ಮ?"

"ಇಲ್ಲಪ್ಪ, ಬರೀ ಡಯಲ್ ಟೋನ್ ಬರ್ತಿದೆ."

ಅಲ್ಲಿಗೆ ಮೊಡೆಮ್‌ನಿಂದ ಲೈನಿಗೆ ಏನೂ ದಾಟುತ್ತಿಲ್ಲ ಎನ್ನುವುದು ಖಾತ್ರಿಯಾಯಿತು.

ಮೀಟರ್ ಹೇಳಿದ ಮಾತು

ನನಗೆ ತುಂಬ ಇಷ್ಟವಾದ ಪರೀಕ್ಷೆ ಇದು. ಆಗ ಹತ್ತು ರೂಪಾಯಿಗೆ ಸಿಗುತ್ತಿದ್ದ ಫೋನ್ ತಂತಿ, ಒಂದು ಸಾಮಾನ್ಯ ಮಲ್ಟಿಮೀಟರ್ ಸಾಕು.

ಫೋನ್ ಇಟ್ಟಿರುವಾಗ ಲೈನಿನ ಎರಡು ತಂತಿಗಳ ನಡುವೆ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ. ಅದು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತದೆ. ಕರೆಂಟ್ ಹೋದರೂ ಫೋನ್ ಕೆಲಸ ಮಾಡುವುದು ಅದಕ್ಕೇ. ರಿಸೀವರ್ ಎತ್ತಿದ ಕೂಡಲೇ ಫೋನಿನೊಳಗೆ ಕರೆಂಟು ಹರಿಯುತ್ತದೆ, ವೋಲ್ಟೇಜ್ ಹತ್ತರ ಒಳಗೆ ಇಳಿಯುತ್ತದೆ. ಆ ಹರಿವನ್ನು ಕಂಡೇ ಎಕ್ಸ್‌ಚೇಂಜು ಯಾರೋ ಫೋನ್ ಎತ್ತಿದ್ದಾರೆ ಎಂದು ತಿಳಿದು ಡಯಲ್ ಟೋನ್ ಕೊಡುತ್ತದೆ. ಮೊಡೆಮ್ ಮಾಡಬೇಕಾದದ್ದೂ ಅದನ್ನೇ. ಒಳಗೆ ಒಂದು ರಿಲೇ, ಅಂದರೆ ಕರೆಂಟಿನಿಂದ ಓಡುವ ಪುಟ್ಟ ಸ್ವಿಚ್ಚು ಇರುತ್ತದೆ, ಅದು ಕೂಡಿಕೊಂಡರೆ ರಿಸೀವರ್ ಎತ್ತಿದ ಹಾಗೆ.

ಗೋಡೆಯ ಡಬ್ಬಿಯ ಮುಚ್ಚಳ ತೆಗೆದು ಎರಡು ಸ್ಕ್ರೂಗಳ ಮೇಲೆ ಮೀಟರ್ ಇಟ್ಟೆ. 49 ವೋಲ್ಟ್. ಪಕ್ಕದ ಕೋಣೆಯ ಫೋನ್ ಎತ್ತಿಸಿದೆ. 8ಕ್ಕೆ ಇಳಿಯಿತು. ಇಡಿಸಿದೆ. ಮತ್ತೆ 49. ಈಗ ಮೊಡೆಮ್‌ಗೆ ಎಟಿಎಚ್1 ಕೊಟ್ಟೆ. ಇದು ಡಯಲ್ ಮಾಡದೆ ಬರೀ ಫೋನ್ ಎತ್ತು ಎನ್ನುವ ಆಜ್ಞೆ. ರಿಲೇ ಟಕ್ ಎಂದಿತು. ಫೋನ್ ಎತ್ತಿದೆ ಎಂದು ತೋರಿಸುವ ಓಎಚ್ ದೀಪ ಹತ್ತಿತು. ಮೀಟರ್ ಮಾತ್ರ 49ರಲ್ಲೇ ನಿಂತಿತ್ತು.

ಎತ್ತಿದ್ದೇನೆ ಎಂದು ಮೊಡೆಮ್ ನಂಬಿದೆ, ಎಕ್ಸ್‌ಚೇಂಜಿಗೆ ಆ ವಿಷಯ ಗೊತ್ತೇ ಆಗಿಲ್ಲ. ಡಯಲ್ ಟೋನ್ ಬರುವುದಾದರೂ ಎಲ್ಲಿಂದ? ಲೈನಿನ ಸಾಕೆಟ್ಟಿಗೂ ರಿಲೇಗೂ ಆಚೀಚೆ ಎಲ್ಲೋ ದಾರಿ ಕಡಿದಿದೆ. ಇಡೀ ಮೊಡೆಮ್‌ನಲ್ಲಿ ಹುಡುಕಬೇಕಾದ ಜಾಗ ಈಗ ಹೆಬ್ಬೆರಳಿನಷ್ಟು ಅಗಲಕ್ಕೆ ಇಳಿಯಿತು.

ಬಿಚ್ಚುವ ಮುಂಚೆ ಲೈನು ಕಿತ್ತೆ, ಅಡಾಪ್ಟರ್ ಕಿತ್ತೆ, ಸೀರಿಯಲ್ ಕೇಬಲ್ ಕಿತ್ತೆ. ಲೈನು ಹಾಕಿಕೊಂಡು ಬೋರ್ಡ್ ಮುಟ್ಟುವ ಅಭ್ಯಾಸ ಯಾರಿಗೂ ಬೇಡ. 48 ವೋಲ್ಟ್ ಅಷ್ಟೇನೂ ಮಾಡುವುದಿಲ್ಲ. ಆದರೆ ಅದೇ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ರಿಂಗಿನ 75 ವೋಲ್ಟ್ ಎಸಿ ಅದರ ಮೇಲೆ ಬಂದು ಕೂರುತ್ತದೆ. ಕೈ ಕಿತ್ತುಕೊಳ್ಳುವಷ್ಟು ಹೊಡೆಯುತ್ತದೆ. ಆಕಾಶದಲ್ಲಿ ಮೋಡ ಇದ್ದರಂತೂ ಆ ಕೆಲಸವೇ ಬೇಡ.

ಫೋನ್ ಉಳಿಯಿತು, ಮೊಡೆಮ್ ಯಾಕೆ ಹೋಯಿತು?

ಚಿಕ್ಕಮ್ಮ ಇದನ್ನೇ ಕೇಳಿದರು. ಒಳ್ಳೆಯ ಪ್ರಶ್ನೆ. ಎರಡೂ ಒಂದೇ ಲೈನಿನಲ್ಲಿದ್ದವು, ಅಲ್ವಾ?

ಸಿಡಿಲು ಲೈನಿಗೇ ಹೊಡೆಯಬೇಕಿಲ್ಲ. ಹತ್ತಿರದ ಮರಕ್ಕೆ ಹೊಡೆದರೂ ಕಂಬದಿಂದ ಕಂಬಕ್ಕೆ ಹೋಗುವ ಉದ್ದ ತಂತಿಯಲ್ಲಿ ಸಾವಿರಾರು ವೋಲ್ಟು ಒಂದು ಕ್ಷಣ ಹುಟ್ಟುತ್ತದೆ. ಎರಡು ತಂತಿಯಲ್ಲೂ ಒಟ್ಟಿಗೆ ಏರುತ್ತದೆ. ಅದಕ್ಕೆ ಬೇಕಾದದ್ದು ಭೂಮಿಗೆ ಇಳಿಯುವ ದಾರಿ. ಸಾದಾ ಫೋನಿಗೆ ಭೂಮಿಯ ಸಂಬಂಧವೇ ಇಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗೆ ಎರಡು ತಂತಿ ಮಾತ್ರ. ಮೊಡೆಮ್ ಹಾಗಲ್ಲ. ಅದರ ಸೀರಿಯಲ್ ಕೇಬಲ್ಲಿನ ಇನ್ನೊಂದು ತುದಿ ಕಂಪ್ಯೂಟರಿನ ಕಬ್ಬಿಣದ ಕವಚಕ್ಕೆ ಸೇರಿದೆ. ಆ ಕವಚ ಮೂರು ಪಿನ್ನಿನ ಪ್ಲಗ್ಗಿನ ಮೂಲಕ ಮನೆಯ ಅರ್ತ್‌ಗೆ ಸೇರಿದೆ. ಲೈನಿನಿಂದ ಭೂಮಿಗೆ ಇಳಿಯಲು ಆ ಮನೆಯಲ್ಲಿ ಇದ್ದ ಹತ್ತಿರದ ದಾರಿ ಮೊಡೆಮ್ ಮೂಲಕವೇ ಹೋಗುತ್ತಿತ್ತು.

ಮೊಡೆಮ್ ಮಾಡುವವರಿಗೂ ಇದು ಗೊತ್ತು. ಅದಕ್ಕೇ ಲೈನಿನ ಕಡೆಗೂ ಕಂಪ್ಯೂಟರಿನ ಕಡೆಗೂ ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್, ಬೆಳಕಿನಲ್ಲಿ ಸಂಕೇತ ದಾಟಿಸುವ ಆಪ್ಟೋಕಪ್ಲರ್ ಇಡುತ್ತಾರೆ. ಮಾತು ದಾಟುತ್ತದೆ, ಕರೆಂಟು ದಾಟುವುದಿಲ್ಲ. ಬೋರ್ಡ್ ತಿರುಗಿಸಿ ನೋಡಿದರೆ ಆ ಗಡಿ ಕಣ್ಣಿಗೇ ಕಾಣುತ್ತದೆ. ತಾಮ್ರದ ಗೆರೆಗಳೇ ಇಲ್ಲದ ಒಂದು ಖಾಲಿ ಪಟ್ಟಿ ಬೋರ್ಡಿನ ಆಚೆಯಿಂದ ಈಚೆಗೆ ಓಡುತ್ತದೆ. ಗಡಿಯ ಈ ಕಡೆಯ ಪ್ರೊಸೆಸರ್ ಬದುಕಿತ್ತು ಎಂದರೆ ಗಡಿ ತನ್ನ ಕೆಲಸ ಮಾಡಿದೆ. ಹೊಡೆತ ತಿಂದದ್ದು ಲೈನಿನ ಕಡೆಯ ಭಾಗ.

ಅಲ್ಲಿ ಸಾಕೆಟ್ಟಿನಿಂದ ಮುಂದೆ ಹೀಗಿತ್ತು. ಲೈನ್ ಮತ್ತು ಫೋನ್ ಎಂಬ ಎರಡು ಸಾಕೆಟ್ಟುಗಳು ನೇರವಾಗಿ ಒಂದಕ್ಕೊಂದು ಸೇರಿದ್ದವು. ಅಲ್ಲಿಂದ 10 ಓಮಿನ ಒಂದು ಫ್ಯೂಸಿಬಲ್ ರೆಸಿಸ್ಟರ್, ಅಂದರೆ ಕರೆಂಟು ಜಾಸ್ತಿಯಾದರೆ ಫ್ಯೂಸಿನ ಹಾಗೆ ಕಡಿಯುವಂಥದ್ದು. ಆಮೇಲೆ ಎರಡು ತಂತಿಯ ನಡುವೆ ನೀಲಿ ಬಿಲ್ಲೆಯಂಥ ವೇರಿಸ್ಟರ್, ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟು ಬಿಡುವ ಭಾಗ. ಅದರಾಚೆ ರಿಲೇ, ನಾಲ್ಕು ಡಯೋಡಿನ ಬ್ರಿಡ್ಜ್, ಟ್ರಾನ್ಸ್‌ಫಾರ್ಮರ್.

ವೇರಿಸ್ಟರ್ ಬಿರುಕು ಬಿಟ್ಟು ಒಂದು ಅಂಚು ಕಪ್ಪಾಗಿತ್ತು. ರೆಸಿಸ್ಟರ್ ನೋಡಲು ಹೊಸದರ ಹಾಗಿತ್ತು, ಮೀಟರಿನಲ್ಲಿ ಪೂರ್ತಿ ಕಡಿದಿತ್ತು. ಒಂದು ಕಾಲು ಬಿಚ್ಚಿ ವೇರಿಸ್ಟರ್ ಅಳೆದರೆ 2 ಓಮ್. ಅದು ಸಾಮಾನ್ಯ ಹೊತ್ತಿನಲ್ಲಿ ಕರೆಂಟು ಬಿಡಲೇಬಾರದು.

ಆದದ್ದೇನೆಂದು ಈಗ ಸ್ಪಷ್ಟ. ವೋಲ್ಟೇಜ್ ಏರಿದ ಕೂಡಲೇ ವೇರಿಸ್ಟರ್ ತೆರೆದುಕೊಂಡು ಹೊಡೆತವನ್ನು ತನ್ನ ಮೈಮೇಲೆ ಎಳೆದುಕೊಂಡಿತು. ತಡೆಯಲಾರದೆ ಶಾರ್ಟ್ ಆಯಿತು. ಆ ಕರೆಂಟಿಗೆ ರೆಸಿಸ್ಟರ್ ಕಡಿದುಹೋಗಿ ಮೊಡೆಮನ್ನು ಲೈನಿನಿಂದ ಬೇರೆ ಮಾಡಿತು. ಹಿಂದಿನ ಭಾಗ ಉಳಿಯಿತು. ಹತ್ತು ಹದಿನೈದು ರೂಪಾಯಿಯ ಎರಡು ಭಾಗಗಳು ಸಾವಿರಾರು ರೂಪಾಯಿಯ ಸಾಮಾನನ್ನು ಕಾಪಾಡಿದ್ದವು. ಇಂಥ ಎಷ್ಟು ಮೊಡೆಮ್‌ಗಳು ಸಿಡಿಲಿಗೆ ಹೋಯಿತು ಎಂದು ಗುಜರಿಗೆ ಹೋಗಿವೆಯೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಡಯೋಡುಗಳು ನಾಲ್ಕೂ 0.6 ವೋಲ್ಟ್ ತೋರಿಸಿದವು. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಯೂ ಕಡಿದಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಸಂಪರ್ಕವೂ ಇರಲಿಲ್ಲ. ಇರಬಾರದು ಕೂಡ.

ಇಲ್ಲಿ ಒಂದು ಅಪಾಯ ಹೇಳಲೇಬೇಕು. ಬರೀ ರೆಸಿಸ್ಟರ್ ಬದಲಾಯಿಸಿ ಅಥವಾ ಅದರ ಜಾಗಕ್ಕೆ ಒಂದು ತಂತಿ ಬೆಸೆದು ಲೈನು ಹಾಕಿದರೆ, ಹಿಂದಿರುವ ಶಾರ್ಟ್ ಆದ ವೇರಿಸ್ಟರ್ ಇಡೀ ಲೈನನ್ನೇ ಹಿಡಿದುಕೊಳ್ಳುತ್ತದೆ. ಮನೆಯ ಎಲ್ಲಾ ಫೋನೂ ಸಾಯುತ್ತದೆ, ಹೊರಗಿನಿಂದ ಮಾಡಿದವರಿಗೆ ಎಂಗೇಜ್ ಸಿಗುತ್ತದೆ. ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು.

ವೇರಿಸ್ಟರಿನ ಮೇಲೆ 271 ಎಂದಿತ್ತು. 27ರ ಮುಂದೆ ಒಂದು ಸೊನ್ನೆ, ಅಂದರೆ 270 ವೋಲ್ಟ್. ಅಷ್ಟು ಜಾಸ್ತಿ ಯಾಕೆ ಎನಿಸಬಹುದು. ರಿಂಗಿನ 75 ವೋಲ್ಟ್ ಎಸಿಯ ತುದಿ 106 ವೋಲ್ಟ್ ಮುಟ್ಟುತ್ತದೆ. ಅದಕ್ಕೆ ಬ್ಯಾಟರಿಯ 48 ಸೇರಿಸಿದರೆ 154. ನೂರರ ವೇರಿಸ್ಟರ್ ಹಾಕಿದರೆ ಪ್ರತಿ ಸಲ ಫೋನ್ ರಿಂಗಾದಾಗಲೂ ಅದು ತೆರೆದುಕೊಂಡು ಬಿಸಿಯಾಗುತ್ತದೆ. ಪೇಟೆಯಲ್ಲಿ ಟಿವಿ ರಿಪೇರಿ ಮಾಡುವವರ ಅಂಗಡಿಗೆ ಹೋದೆ. ಅವರು ಕೆಟ್ಟ ಕಾರ್ಡ್‌ಲೆಸ್ ಫೋನಿನ ಬೋರ್ಡಿನಿಂದ ಅದೇ ನಂಬರಿನ ವೇರಿಸ್ಟರ್ ಬಿಚ್ಚಿ ಕೊಟ್ಟರು. 10 ಓಮಿನ ಅರ್ಧ ವ್ಯಾಟಿನ ಫ್ಯೂಸಿಬಲ್ ರೆಸಿಸ್ಟರ್ ಹೊಸದೇ ಸಿಕ್ಕಿತು. ಸಾದಾ ಕಾರ್ಬನ್ ರೆಸಿಸ್ಟರ್ ಆಗಬಹುದು ಎಂದರೆ ಒಪ್ಪಬೇಡಿ. ಅದು ಕಡಿಯುವ ಮುಂಚೆ ಹೊತ್ತಿಕೊಳ್ಳಬಹುದು.

ಬೆಸೆದು ಲೈನು ಹಾಕಿ ಎಟಿಎಚ್1 ಕೊಟ್ಟೆ. ಟಕ್. 49ರಿಂದ 8ಕ್ಕೆ ಇಳಿಯಿತು. ಸ್ಪೀಕರಿನಲ್ಲಿ ಡಯಲ್ ಟೋನ್ ತುಂಬಿಕೊಂಡಿತು.

ಸೇರಿತು, ಆದರೆ ನಿಲ್ಲಲಿಲ್ಲ

ಡಯಲ್ ಮಾಡಿದ್ದೂ ಆಯಿತು, ಸೇರಿದ್ದೂ ಆಯಿತು. ವೇಗ ಮಾತ್ರ ಸೆಕೆಂಡಿಗೆ 26,400 ಬಿಟ್. ಚಿಕ್ಕಮ್ಮ ಫೈಲ್ ಕಳಿಸಲು ಹೊರಟರು. ಅರ್ಧಕ್ಕೆ ಕಡಿಯಿತು. ಮತ್ತೆ ಸೇರಿತು, ಮತ್ತೆ ಕಡಿಯಿತು. ಇಮೇಲ್ ಅರ್ಧಕ್ಕೆ ನಿಂತರೆ ಮೊದಲಿನಿಂದ ಶುರು. ಅಟ್ಯಾಚ್‌ಮೆಂಟ್ ಆದ ಮೇಲೆ ಮೂರು ಎಂಬಿಯ ಫೈಲು ನಾಲ್ಕು ಎಂಬಿಯಷ್ಟು ಉಬ್ಬುತ್ತದೆ ಬೇರೆ. ಪ್ರತಿ ಪ್ರಯತ್ನಕ್ಕೂ ಫೋನ್ ಬಿಲ್ಲು ಓಡುತ್ತದೆ.

"ಮಳೆಗೆ ಮುಂಚೆನೂ ಹೀಗೇ ಕಡೀತಿತ್ತು ಕಣೋ. ಲೈನೇ ಹೀಗೆ ಅಂದ್ಕೊಂಡಿದ್ದೆ" ಎಂದರು.

ಅಂದರೆ ಇದು ಸಿಡಿಲಿನ ಕೆಲಸವಲ್ಲ, ಹಳೆಯ ಇನ್ನೊಂದು ರೋಗ. ಕಡಿದ ಮೇಲೆ ಹೈಪರ್‌ಟರ್ಮಿನಲ್‌ನಲ್ಲಿ ಎಟಿ&ವಿ1 ಕೇಳಿದೆ. ರಾಕ್‌ವೆಲ್ ಚಿಪ್ಪಿನ ಮೊಡೆಮ್‌ಗಳು ಇದಕ್ಕೆ ಹಿಂದಿನ ಕರೆಯ ವರದಿಯನ್ನೇ ಕೊಡುತ್ತವೆ. ಯಾವ ವೇಗದಲ್ಲಿ ಸೇರಿತು, ಯಾವುದಕ್ಕೆ ಇಳಿಯಿತು, ಎಷ್ಟು ಸಲ ನಡುವೆ ಮತ್ತೆ ಹೊಂದಿಸಿಕೊಂಡಿತು, ಎಲ್ಲ ಇರುತ್ತದೆ. ಆ ಕೊನೆಯ ಲೆಕ್ಕ ಬಹಳ ಜಾಸ್ತಿ ಇತ್ತು. ಲೈನಿನಲ್ಲಿ ಗಲಾಟೆ ಇದೆ ಎಂದರ್ಥ.

ಕಿವಿಯಿಂದಲೂ ಕೇಳಬಹುದು. ಫೋನ್ ಎತ್ತಿ ಒಂದೇ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಲ್ಲುತ್ತದೆ. ಆಗ ಲೈನು ನಿಶ್ಶಬ್ದವಾಗಿರಬೇಕು. ಇಲ್ಲಿ ಚರಚರ ಎನ್ನುತ್ತಿತ್ತು.

ವೋಲ್ಟ್ ಅಳೆದರೆ ಇದು ಸಿಗುವುದಿಲ್ಲ. ಕರೆಂಟು ಹರಿಯದಿರುವಾಗ ಕೆಟ್ಟ ಜಾಯಿಂಟೂ 49 ವೋಲ್ಟ್ ಪೂರ್ತಿ ದಾಟಿಸುತ್ತದೆ. ಅದಕ್ಕೆ ಮೀಟರನ್ನು ಮಿಲಿಆಂಪಿಗೆ ಇಟ್ಟು ಮೊಡೆಮ್‌ನ ಒಂದು ತಂತಿಯ ನಡುವೆ ಸೇರಿಸಿದೆ. ಮೊಡೆಮ್ ಲೈನನ್ನು ಎತ್ತಿಕೊಂಡಿರುವಾಗ 19 ಮಿಲಿಆಂಪ್, ಅದೂ ನಿಲ್ಲದೆ ಆಚೀಚೆ. ಚಿಕ್ಕಮ್ಮನನ್ನು ಮೀಟರಿನ ಮುಂದೆ ಕೂರಿಸಿ, ಗೋಡೆಯ ಉದ್ದಕ್ಕೂ ತಂತಿಯನ್ನು ಮೆಲ್ಲಗೆ ಅಲ್ಲಾಡಿಸುತ್ತಾ ಹೋದೆ.

"ಹತ್ತೊಂಬತ್ತು... ಹತ್ತೊಂಬತ್ತು... ಇಪ್ಪತ್ತು..." ಕಿಟಕಿಯಿಂದ ಓದುತ್ತಿದ್ದರು. ಸೂರಿನ ಕೆಳಗೆ, ಕಂಬದ ತಂತಿ ಮನೆಯ ತಂತಿಗೆ ಸೇರುವ ಕಡೆ ಕೈ ಹಾಕಿದೆ. "ಅಯ್ಯೋ, ಹನ್ನೊಂದಕ್ಕೆ ಬಂತು ನೋಡೋ! ಈಗ ಇಪ್ಪತ್ತಾರು!"

ಸಿಕ್ಕಿತು. ಯಾವ ಕಾಲದಲ್ಲೋ ಎರಡು ತಂತಿ ತಿರುಚಿ ಟೇಪು ಸುತ್ತಿದ್ದ ಜಾಯಿಂಟು. ಮಳೆ ನೀರು ಇಳಿದು ತಾಮ್ರ ಹಸಿರಾಗಿತ್ತು. ಕಂಬದಿಂದ ಬರುವ ತಂತಿ ನಮ್ಮದಲ್ಲ, ಅದನ್ನು ಕತ್ತರಿಸುವುದು ಸರಿಯಲ್ಲ. ಲೈನ್‌ಮ್ಯಾನ್‌ಗೆ ಹೇಳಿದೆವು. ಅವರು ಬಂದು ಹಸಿರಾದ ತುದಿ ಕತ್ತರಿಸಿ, ಜೆಲ್ಲಿ ತುಂಬಿದ ಕನೆಕ್ಟರಿನೊಳಗೆ ತಂತಿ ತೂರಿಸಿ ಒತ್ತಿದರು. ಜಾಯಿಂಟಿಗೆ ನೀರು ಇಳಿಯದ ಹಾಗೆ ತಂತಿಯನ್ನು ಕೆಳಗೆ ಬಾಗಿಸಿ ಕಟ್ಟಿದರು. ಅಷ್ಟು ಅಚ್ಚುಕಟ್ಟು ಕೆಲಸ ನೋಡಿ ಖುಷಿಯಾಯಿತು.

ಈಗ 27 ಮಿಲಿಆಂಪ್, ಅಲ್ಲಾಡದೆ. ಸೇರಿದ ವೇಗ 44,000. ಫೈಲ್ ಕಳಿಸುವ ವೇಗ ಅಷ್ಟಿಲ್ಲ. 1998ರಲ್ಲಿ ಬಂದ ವಿ.90 ಪದ್ಧತಿಯಲ್ಲಿ ಎಕ್ಸ್‌ಚೇಂಜಿನ ಕಡೆಯಿಂದ ನಮಗೆ ಬರುವುದಕ್ಕೆ ಮಾತ್ರ 56ಕೆ ಗುರಿ. ನಮ್ಮಿಂದ ಹೋಗುವುದು ಹೆಚ್ಚೆಂದರೆ 33,600. ನಮ್ಮದು 31,200ಕ್ಕೆ ನಿಂತಿತು. ಲಗ್ನಪತ್ರಿಕೆ ಇಪ್ಪತ್ತು ನಿಮಿಷದೊಳಗೆ ಒಂದೇ ಓಟದಲ್ಲಿ ಹೋಯಿತು.

ವಿಂಡೋಸ್ ಕೆಲವು ಕಡೆ 115,200 ಎಂದು ತೋರಿಸುತ್ತದೆ. ಅದು ಕಂಪ್ಯೂಟರಿಗೂ ಮೊಡೆಮ್‌ಗೂ ನಡುವಿನ ಕೇಬಲ್ಲಿನ ವೇಗ. ಲೈನಿನದಲ್ಲ.

ಮುಂದಿನ ಸಿಡಿಲಿಗೆ

ಲೈನು ಮನೆಯೊಳಗೆ ಬರುವ ಕಡೆ ಮೂರು ಕಾಲಿನ 230 ವೋಲ್ಟಿನ ಗ್ಯಾಸ್ ಟ್ಯೂಬ್ ಹಾಕಿದೆವು, ವೋಲ್ಟೇಜ್ ಅದಕ್ಕಿಂತ ಏರಿದರೆ ಹೊಡೆತವನ್ನು ಭೂಮಿಗೆ ಇಳಿಸುವ ಭಾಗ ಅದು. ಎರಡು ಕಾಲು ಲೈನಿಗೆ, ನಡುವಿನದು ಅರ್ತ್‌ಗೆ. ಅರ್ತ್ ಸರಿ ಇಲ್ಲದಿದ್ದರೆ ಇದು ಅಲಂಕಾರಕ್ಕೆ ಮಾತ್ರ. ಫೋನಿಗೆಂದೇ ಬೇರೆ ಅರ್ತ್ ಗುಂಡಿ ತೋಡುವುದೂ ತಪ್ಪು. ಸಿಡಿಲಿನ ಕ್ಷಣದಲ್ಲಿ ಎರಡು ಗುಂಡಿಗಳ ನಡುವೆಯೇ ಸಾವಿರಾರು ವೋಲ್ಟ್ ವ್ಯತ್ಯಾಸ ಬರುತ್ತದೆ, ಅದು ಮತ್ತೆ ಮೊಡೆಮ್ ಮೂಲಕವೇ ದಾಟುತ್ತದೆ. ಕಂಪ್ಯೂಟರಿನ ಪ್ಲಗ್ಗು ಸೇರುವ ಅರ್ತ್‌ಗೇ ಇದನ್ನೂ ಸೇರಿಸಬೇಕು. ಅವರ ಮನೆಯ ಗುಂಡಿ ಬೇಸಿಗೆಗೆ ಪೂರ್ತಿ ಒಣಗಿತ್ತು. ವಾರಕ್ಕೊಂದು ಸಲ ಒಂದು ಕೊಡ ನೀರು ಹಾಕುವ ಕೆಲಸ ಚಿಕ್ಕಪ್ಪ ಒಪ್ಪಿಕೊಂಡರು.

ಇಷ್ಟಾದರೂ ದೂರದಲ್ಲಿ ಗುಡುಗು ಶುರುವಾದ ಕೂಡಲೇ ಫೋನ್ ತಂತಿ, ಕರೆಂಟಿನ ಪ್ಲಗ್ಗು ಎರಡನ್ನೂ ಕೀಳಬೇಕು. ಒಂದನ್ನು ಕಿತ್ತು ಇನ್ನೊಂದನ್ನು ಬಿಟ್ಟರೆ ಪ್ರಯೋಜನ ಕಡಿಮೆ. ಸಿಡಿಲು ತಲೆ ಮೇಲೆ ಬಂದ ಮೇಲೆ ಕೀಳಲು ಹೋಗಬೇಡಿ. ಆ ಹೊತ್ತಿಗೆ ಮೊಡೆಮ್‌ಗಿಂತ ನಿಮ್ಮ ಕೈ ಮುಖ್ಯ.

ಕಂಪ್ಯೂಟರಿನೊಳಗೆ ಕೂರುವ ಕಾರ್ಡ್ ಮೊಡೆಮ್ ಇದ್ದವರಿಗೂ ಇದೇ ದಾರಿ. ವೋಲ್ಟ್ ಇಳಿಯುವ ಪರೀಕ್ಷೆ ಹಾಗೇ ನಡೆಯುತ್ತದೆ. ಲೈನಿನ ಸಾಕೆಟ್ಟಿನ ಹಿಂದೆಯೇ ರೆಸಿಸ್ಟರೂ ವೇರಿಸ್ಟರೂ ಇರುತ್ತವೆ, ಗಾತ್ರದಲ್ಲಿ ಇನ್ನೂ ಚಿಕ್ಕವು. ಕೆಲವು ಕಾರ್ಡುಗಳಲ್ಲಿ ರಿಲೇ ಬದಲು ಟ್ರಾನ್ಸಿಸ್ಟರ್ ಇರುವುದರಿಂದ ಟಕ್ ಎನ್ನುವ ಸದ್ದು ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಸ್ಲಾಟಿನಿಂದ ಕಾರ್ಡು ತೆಗೆಯುವ ಮುಂಚೆ ಕಂಪ್ಯೂಟರಿನ ಪವರ್ ಕೇಬಲ್ಲನ್ನೂ ಫೋನ್ ತಂತಿಯನ್ನೂ ಕಿತ್ತು ಪಕ್ಕಕ್ಕಿಡಿ.